ಮೂಲನಿವಾಸಿ ಭಾಷೆಗಳಿಗೆ ಮುಕ್ತ ತಂತ್ರಾಂಶ: ಯಾವ ಕೆಲಸಕ್ಕೆ ಯಾವುದು?

ಮಾತನಾಡುವವರು ಕಡಿಮೆಯಾಗುತ್ತಿರುವ ಭಾಷೆಯೊಂದನ್ನು ಕಲಿಸಬೇಕು, ಉಳಿಸಬೇಕು ಎಂದು ಹೊರಟ ತಂಡಗಳು ಸಾಮಾನ್ಯವಾಗಿ ಮೊದಲು ಕೇಳುವುದು ‘ಆ್ಯಪ್ ಮಾಡುವುದು ಹೇಗೆ’ ಎಂದು. ಆ್ಯಪ್ ಕೊನೆಗೆ ಬರಬೇಕಾದದ್ದು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆ, ಬ್ರೌಸರ್‌ನಲ್ಲಿ ಆಟ, ಅನಿಮೇಷನ್ ನಡೆಸುತ್ತಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ ನಿಲ್ಲಿಸಿತು. ಫ್ಲ್ಯಾಶ್‌ನಲ್ಲಿ ಕಟ್ಟಿದ ಭಾಷಾಪಾಠಗಳು ಆಮೇಲೆ ಮಾಮೂಲಿ ಬ್ರೌಸರ್‌ಗಳಲ್ಲಿ ತೆರೆಯಲಿಲ್ಲ. ಪದಪಟ್ಟಿ, ಧ್ವನಿ ಫೈಲ್‌ಗಳನ್ನು ಬೇರೆಯಾಗಿ ಇಟ್ಟುಕೊಂಡವರು ಪಾಠಗಳನ್ನು ಮತ್ತೆ ಕಟ್ಟಿಕೊಳ್ಳಬಹುದಿತ್ತು. ಎಲ್ಲವನ್ನೂ ಪಾಠದೊಳಗೇ ತುಂಬಿದವರಿಗೆ ಆ ದಾರಿ ಇರಲಿಲ್ಲ.

ಹಾಗಾಗಿ ಇಲ್ಲಿ ಪ್ರತಿ ತಂತ್ರಾಂಶವನ್ನೂ ಮುಖ್ಯವಾಗಿ ಒಂದೇ ಮಾತು ಕೇಳಿ ಅಳೆದಿದ್ದೇವೆ: ನಾಳೆ ಇದನ್ನು ಬಿಡಬೇಕಾಗಿ ಬಂದರೆ, ಒಳಗೆ ತುಂಬಿದ್ದೆಲ್ಲ ಇನ್ನೊಂದು ತಂತ್ರಾಂಶ ಓದುವ ರೂಪದಲ್ಲಿ ಹೊರಗೆ ಬರುತ್ತದೆಯೇ? ಪರದೆಯ ಅಂದಚೆಂದ, ಕಲಿಯುವ ಸುಲಭ ಎಲ್ಲ ಆಮೇಲಿನ ಮಾತು.

ಇನ್ನೊಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳಬೇಕು. ತಂತ್ರಾಂಶ ಮುಕ್ತವಾಗಿದ್ದರೆ, ಅಂದರೆ ಅದರ ಮೂಲ ಸಂಕೇತವನ್ನು ಯಾರಾದರೂ ನೋಡಿ, ತಿದ್ದಿ, ಹಂಚುವಂತಿದ್ದರೆ, ಅದರಲ್ಲಿ ಹಾಕಿದ ಮಾತು, ಕಥೆ, ಹಾಡುಗಳೂ ಜಗತ್ತಿಗೆಲ್ಲ ಮುಕ್ತ ಎಂದೇನೂ ಅಲ್ಲ. ತಂತ್ರಾಂಶದ ಲೈಸೆನ್ಸ್ ಬೇರೆ, ಭಾಷಾ ಸಾಮಗ್ರಿಯ ಲೈಸೆನ್ಸ್ ಬೇರೆ. ಎಲ್ಲ ಕೆಲಸವನ್ನೂ ಮುಕ್ತ ತಂತ್ರಾಂಶದಲ್ಲೇ ಮಾಡಿ, ಒಂದು ಫೈಲನ್ನೂ ಸಮುದಾಯದ ಹೊರಗೆ ಬಿಡದೆ ಇರಬಹುದು.

ಮೊದಲು ಅಕ್ಷರ

ಸಾವಿರಾರು ಪದ ಸೇರಿಸಿದ ಮೇಲೆ ‘ಹುಡುಕಿದರೆ ಸಿಗುತ್ತಿಲ್ಲ’ ಎಂಬ ದೂರು ಬಂದರೆ, ತಪ್ಪು ನಿಘಂಟಿನಲ್ಲಿ ಇರುವುದಕ್ಕಿಂತ ಕೀಬೋರ್ಡ್‌ನಲ್ಲಿ ಇರುವ ಸಂಭವವೇ ಹೆಚ್ಚು. ಹವಾಯಿ ಭಾಷೆಯಲ್ಲಿ ಗಂಟಲು ತಡೆಯ ಸದ್ದಿಗೆ ಮೇಲೆತ್ತಿದ ಅಲ್ಪವಿರಾಮದಂಥ ಒಂದು ಅಕ್ಷರವಿದೆ. ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದರ ಸಂಖ್ಯೆ 02ಬಿಬಿ. ಅವಸರದಲ್ಲಿ ಟೈಪ್ ಮಾಡುವವರು ಅದರ ಬದಲು ಮಾಮೂಲಿ ಉದ್ಧರಣ ಚಿಹ್ನೆ ಒತ್ತುತ್ತಾರೆ. ವರ್ಡ್ ಪ್ರೊಸೆಸರ್ ಅದನ್ನು ತಾನಾಗಿ ಬಾಗಿದ ಚಿಹ್ನೆಗೆ ಬದಲಿಸುತ್ತದೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಆಗಿ ಕಾಣುವ ಮೂರು ಬೇರೆ ಚಿಹ್ನೆಗಳು ಹೀಗೆ ಒಂದೇ ಪಟ್ಟಿಗೆ ಸೇರುತ್ತವೆ. ಮೇಲಾಗಿ, ಉದ್ಧರಣ ಚಿಹ್ನೆ ಯೂನಿಕೋಡ್ ಲೆಕ್ಕದಲ್ಲಿ ಅಕ್ಷರವಲ್ಲ, ವಿರಾಮಚಿಹ್ನೆ. ಆದ್ದರಿಂದ ಹುಡುಕುವ ಹಲವು ತಂತ್ರಾಂಶಗಳು ಪದವನ್ನು ಅಲ್ಲಿಗೆ ಕತ್ತರಿಸಿಬಿಡುತ್ತವೆ.

ಮೇಲೆ ಕೆಳಗೆ ಗುರುತು ಬರುವ ಅಕ್ಷರಗಳಲ್ಲೂ ಇದೇ ತೊಂದರೆ. ಗುರುತು ಸೇರಿ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಅಕ್ಷರ, ಗುರುತು ಎಂದು ಎರಡು ಸಂಕೇತಗಳಾಗಿರಬಹುದು. ನೋಡಲು ವ್ಯತ್ಯಾಸವಿಲ್ಲ, ಹುಡುಕಿದರೆ ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಮೊದಲ ಪದ ಟೈಪ್ ಮಾಡುವ ಮುಂಚೆಯೇ, ಯಾವ ಅಕ್ಷರಕ್ಕೆ ಯಾವ ಯೂನಿಕೋಡ್ ಸಂಖ್ಯೆ ಎಂದು ಒಂದು ಪುಟದ ಪಟ್ಟಿ ಮಾಡಿ ಎಲ್ಲರ ಕೈಗೂ ಕೊಡಿ.

ಕೀಬೋರ್ಡ್ ತಯಾರಿಸಲು ನಮ್ಮ ಆಯ್ಕೆ ಕೀಮ್ಯಾನ್. ವಿಂಡೋಸ್‌ಗೆ ಬೇರೆ, ಮ್ಯಾಕ್‌ಗೆ ಬೇರೆ, ಲಿನಕ್ಸ್‌ಗೆ ಬೇರೆ ಎಂದು ಮೂರು ಸಲ ಕೀಬೋರ್ಡ್ ಮಾಡುವ ದಾರಿಗಳೂ ಇವೆ. ಆದರೆ ಒಂದನ್ನು ತಿದ್ದಿದವರು ಉಳಿದೆರಡನ್ನು ಮರೆಯುತ್ತಾರೆ. ಕೀಮ್ಯಾನ್ ಡೆವಲಪರ್‌ನಲ್ಲಿ ಒಮ್ಮೆ ಬರೆದ ನಿಯಮಗಳು ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್ ಎಲ್ಲಕ್ಕೂ ಆಗುತ್ತವೆ. ಯಾವ ಕ್ರಮದಲ್ಲಿ ಗುರುತುಗಳನ್ನು ಒತ್ತಿದರೂ ಹೊರಬರುವ ಸಂಕೇತಗಳ ಕ್ರಮ ಒಂದೇ ಇರುವಂತೆ ನಿಯಮ ಬರೆಯಬಹುದು. ಮೇಲೆ ಹೇಳಿದ ತೊಂದರೆಯ ಬಹುಪಾಲು ಅಲ್ಲಿಗೇ ತೀರುತ್ತದೆ. ನಿಯಮ ಬರೆಯುವ ಕೀಮ್ಯಾನ್ ಡೆವಲಪರ್ ಮುಖ್ಯವಾಗಿ ವಿಂಡೋಸ್‌ನದು ಎಂಬುದೊಂದೇ ಕೊರತೆ. ಪದ ಮತ್ತು ಅದು ಬಳಕೆಯಾದ ಸಲ, ಹೀಗೆ ಎರಡು ಕಾಲಮ್ ಇರುವ ಪಟ್ಟಿ ಕೊಟ್ಟರೆ ಕೀಮ್ಯಾನ್ ಫೋನಿನಲ್ಲಿ ಟೈಪ್ ಮಾಡುವಾಗ ಪದ ಸೂಚಿಸುವ ಸೌಲಭ್ಯವನ್ನೂ ಕಟ್ಟಿಕೊಡುತ್ತದೆ. ಮಕ್ಕಳು ಭಾಷೆಯಲ್ಲಿ ಮೆಸೇಜ್ ಮಾಡಲು ಶುರುಮಾಡುವುದು ಹೆಚ್ಚಾಗಿ ಆ ಹಂತದಿಂದ.

ಹಳೆಯ ಕಾಲದ ಫಾಂಟ್‌ಗಳಲ್ಲಿ, ಅಂದರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಬೇರೆ ಚಿತ್ರ ಕೂರಿಸಿದ ಫಾಂಟ್‌ಗಳಲ್ಲಿ, ಸಾಮಗ್ರಿ ಇದ್ದರೆ ಅದನ್ನು ಯೂನಿಕೋಡ್‌ಗೆ ಬದಲಿಸದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ.

ದನಿ ಮತ್ತು ಬರಹ: ಅಡಾಸಿಟಿ, ಎಲಾನ್, ಪ್ರಾಟ್

ಮೂರನ್ನೂ ಒಂದೇ ಸಾಲಿನಲ್ಲಿ ಹೆಸರಿಸುವುದು ರೂಢಿ, ಆದರೆ ಇವು ಪರಸ್ಪರ ಬದಲಿಗಳಲ್ಲ. ಅಡಾಸಿಟಿ ದನಿಯನ್ನು ಕತ್ತರಿಸಿ ಜೋಡಿಸಲು. ಎಲಾನ್ ದನಿ ಅಥವಾ ವಿಡಿಯೊದ ಯಾವ ಕ್ಷಣದಲ್ಲಿ ಏನು ಹೇಳಿದರು ಎಂದು ಬರೆಯಲು. ಆಮ್ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಾಟ್ ಸ್ವರದ ಏರಿಳಿತ, ಸದ್ದಿನ ಉದ್ದ ಅಳೆಯಲು. ಸ್ವರಭೇದದಿಂದಲೇ ಅರ್ಥ ಬದಲಾಗುವ ಭಾಷೆಯಲ್ಲಿ ಕಲಿಯುವವರಿಗೆ ತಮ್ಮ ಉಚ್ಚಾರದ ಗೆರೆಯನ್ನೂ ಹಿರಿಯರ ಉಚ್ಚಾರದ ಗೆರೆಯನ್ನೂ ಅಕ್ಕಪಕ್ಕ ತೋರಿಸಲು ಪ್ರಾಟ್ ಚೆನ್ನ. ಉಳಿದವರಿಗೆ ಅದರ ಅಗತ್ಯವೇ ಬೀಳದಿರಬಹುದು.

ಮೊದಲು ರೆಕಾರ್ಡಿಂಗ್. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಒಂದೇ ಚಾನೆಲ್ ಆದರೆ ಗಂಟೆಗೆ ಸುಮಾರು 520 ಮೆಗಾಬೈಟ್, ಸ್ಟೀರಿಯೊ ಆದರೆ ಅದರ ಎರಡರಷ್ಟು. ಮಾಮೂಲಿ ವೇವ್ ಫೈಲ್ 4 ಗಿಗಾಬೈಟ್ ದಾಟಲಾರದು. ಹಾಗಾಗಿ ಸ್ಟೀರಿಯೊದಲ್ಲಿ ನಾಲ್ಕು ಗಂಟೆಗೂ ಮೀರಿ ಎಡೆಬಿಡದೆ ರೆಕಾರ್ಡ್ ಮಾಡಲು ಹೋಗಬೇಡಿ. ಗಂಟೆಗೊಮ್ಮೆ ನಿಲ್ಲಿಸಿ ಹೊಸ ಫೈಲ್ ಶುರುಮಾಡಿ. ಮಟ್ಟ ನೋಡುವ ಮೀಟರ್ ಜೋರುದನಿಯಲ್ಲೂ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಪೂರ್ತಿ ಸರಿಪಡಿಸಲು ಯಾವ ತಂತ್ರಾಂಶಕ್ಕೂ ಆಗದು. ಸಣ್ಣಗೆ ಬಂದದ್ದನ್ನಾದರೆ ಏರಿಸಬಹುದು.

ಅಡಾಸಿಟಿಯಲ್ಲಿ ಮಾಡುವ ದೊಡ್ಡ ತಪ್ಪು, ಮೂಲ ಫೈಲಿನ ಮೇಲೇ ಗದ್ದಲ ತೆಗೆಯುವ ಸೌಲಭ್ಯ ಓಡಿಸಿ ಅದನ್ನೇ ಉಳಿಸುವುದು. ಗದ್ದಲದ ಜೊತೆ ‘ಸ್’, ‘ಫ್’ ಥರದ ಉಸಿರುಸದ್ದುಗಳ ಅಂಚೂ ಹೋಗುತ್ತದೆ. ಅದೇ ಭಾಷೆಯ ಎರಡು ಸದ್ದುಗಳ ನಡುವಣ ಭೇದವಾಗಿರಬಹುದು. ಮೂಲವನ್ನು ಮುಟ್ಟಬೇಡಿ, ಪ್ರತಿ ತೆಗೆದು ಅದರ ಮೇಲೆ ಕೆಲಸ ಮಾಡಿ. ಅಡಾಸಿಟಿಯ ಪ್ರಾಜೆಕ್ಟ್ ಫೈಲನ್ನು ಕಾಪಿಡುವ ಪ್ರತಿ ಎಂದುಕೊಳ್ಳುವುದೂ ತಪ್ಪೇ, ಯಾವಾಗಲೂ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ ಇಡಿ. ಒಂದೇ ಕೂಟದಲ್ಲಿ ಹೇಳಿಸಿದ ನೂರು ಪದಗಳನ್ನು ಬಿಡಿ ಫೈಲ್‌ಗಳಾಗಿ ಒಡೆಯಲು ಅದರಲ್ಲಿ ಒಳ್ಳೆಯ ಉಪಾಯವಿದೆ. ಲೇಬಲ್ ಟ್ರ್ಯಾಕ್‌ನಲ್ಲಿ ಪ್ರತಿ ಪದಕ್ಕೂ ಅದರ ಕ್ರಮಸಂಖ್ಯೆಯನ್ನೇ ಹೆಸರಾಗಿ ಕೊಟ್ಟು, ಲೇಬಲ್‌ಗಳ ಪ್ರಕಾರ ಹಲವು ಫೈಲ್ ಎಂದು ಎಕ್ಸ್‌ಪೋರ್ಟ್ ಮಾಡಿದರೆ ನೂರು ಫೈಲ್ ಹೆಸರು ಸಮೇತ ಹೊರಬರುತ್ತವೆ.

ಎಲಾನ್ ನೆದರ್‌ಲ್ಯಾಂಡ್ಸ್‌ನ ನೈಮೇಖನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯದು. ಅದರ ಫೈಲ್ ಎಕ್ಸ್‌ಎಂಎಲ್ ರೂಪದ್ದು, ಅಂದರೆ ಗುರುತುಪಟ್ಟಿ ಹಾಕಿದ ಸರಳ ಪಠ್ಯ, ನೋಟ್‌ಪ್ಯಾಡ್‌ನಲ್ಲೂ ತೆರೆದು ಓದಬಹುದು. ನಮ್ಮ ಅಳತೆಯಲ್ಲಿ ಇದಕ್ಕೆ ಪೂರ್ಣ ಅಂಕ. ಕಲಿಯಲು ಮಾತ್ರ ತುಸು ಒರಟು. ಹೊಸಬರು ಎಡವುವುದು ಟಿಯರ್‌ಗಳಲ್ಲಿ, ಅಂದರೆ ಬರಹದ ಸಾಲುಗಳನ್ನು ಹೊಂದಿಸುವಲ್ಲಿ. ಮಾತಾಡುವ ಪ್ರತಿ ವ್ಯಕ್ತಿಗೂ ಸ್ವತಂತ್ರವಾದ ಒಂದು ಸಾಲು ಇರಬೇಕು. ಅನುವಾದದ ಸಾಲು ಅದರ ಕೆಳಗೆ ‘ಸಿಂಬಾಲಿಕ್ ಅಸೋಸಿಯೇಷನ್’ ಬಗೆಯಲ್ಲಿ ತೂಗುಬಿದ್ದಿರಬೇಕು. ಅವಸರದಲ್ಲಿ ಅನುವಾದವನ್ನೂ ಸ್ವತಂತ್ರ ಸಾಲಾಗಿ ಮಾಡಿದರೆ, ಮಾತಿನ ತುಣುಕನ್ನು ಆಮೇಲೆ ಸರಿಸಿದಾಗ ಅನುವಾದ ಇದ್ದಲ್ಲೇ ಉಳಿಯುತ್ತದೆ. ಬಗೆಯನ್ನು ಆಮೇಲೆ ಬದಲಿಸುವುದು ರಗಳೆಯ ಕೆಲಸ. ಒಂದು ಫೈಲ್ ಸರಿಯಾಗಿ ಹೊಂದಿಸಿ, ಟೆಂಪ್ಲೇಟ್ ಆಗಿ ಉಳಿಸಿ, ಮುಂದಿನದೆಲ್ಲ ಅದರಿಂದಲೇ ತೆರೆಯಿರಿ.

ಕೆಲಸದ ಕ್ರಮ ಹೀಗಿರಲಿ: ಮೊದಲು ಸೆಗ್ಮೆಂಟೇಷನ್ ಮೋಡ್‌ನಲ್ಲಿ ದನಿ ಕೇಳುತ್ತ ವಾಕ್ಯಗಳ ಗಡಿ ಮಾತ್ರ ಗುರುತಿಸಿ, ಆಮೇಲೆ ಟ್ರಾನ್ಸ್‌ಕ್ರಿಪ್ಷನ್ ಮೋಡ್‌ನಲ್ಲಿ ಬರೆಯುತ್ತ ಹೋಗಿ. ಎರಡನ್ನೂ ಒಟ್ಟಿಗೆ ಮಾಡಲು ಹೋದವರು ಹತ್ತು ನಿಮಿಷದ ದನಿಗೇ ಸುಸ್ತಾಗುತ್ತಾರೆ. ಹೇಗೆ ಮಾಡಿದರೂ ಒಂದು ಗಂಟೆಯ ಮಾತಿಗೆ ಹತ್ತಾರು ಗಂಟೆಯ ಕೆಲಸ ಇದ್ದದ್ದೇ. ಎಲಾನ್ ಫೈಲಿನೊಳಗೆ ದನಿ ಇರುವುದಿಲ್ಲ, ದನಿ ಫೈಲ್ ಎಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. ಎರಡನ್ನೂ ಒಂದೇ ಫೋಲ್ಡರಿನಲ್ಲಿ, ಒಂದೇ ಹೆಸರಿನಲ್ಲಿ ಇಡಿ. ಬಿಟ್‌ರೇಟ್ ಬದಲಾಗುತ್ತ ಹೋಗುವ ಎಂಪಿ3 ಫೈಲನ್ನು ಇದಕ್ಕೆ ಕೊಡಬೇಡಿ, ಸಮಯದ ಗುರುತುಗಳು ದಾರಿ ತಪ್ಪುತ್ತವೆ. ಆಟೊಮ್ಯಾಟಿಕ್ ಬ್ಯಾಕಪ್ ಆನ್ ಆಗಿದೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ.

ಯಾರು, ಎಲ್ಲಿ, ಯಾವಾಗ ಮಾತಾಡಿದರು, ಯಾವ ಷರತ್ತಿನ ಮೇಲೆ ಒಪ್ಪಿದರು ಎಂಬ ವಿವರಕ್ಕೆ ಲಮೇಟಾ ಸಾಕು. ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ. ಪ್ರತಿ ಕೂಟಕ್ಕೆ ಒಂದು ಫೋಲ್ಡರ್, ಪ್ರತಿ ವ್ಯಕ್ತಿಗೆ ಒಂದು ಫೋಲ್ಡರ್. ಒಪ್ಪಿಗೆಯ ದಾಖಲೆಯೂ ಆ ವ್ಯಕ್ತಿಯ ಫೋಲ್ಡರಿನಲ್ಲೇ ಕೂರುತ್ತದೆ. ಇದನ್ನು ‘ಆಮೇಲೆ ಬರೆದರಾಯಿತು’ ಎಂದು ಮುಂದೂಡಿದ ಸಂಗ್ರಹಗಳಲ್ಲಿ ಎರಡು ವರ್ಷ ಕಳೆದ ಮೇಲೆ ಯಾರ ದನಿ ಯಾರದೆಂದು ಹೇಳುವವರೇ ಇರುವುದಿಲ್ಲ.

ನಿಘಂಟು: ಇಲ್ಲಿ ಆಯ್ಕೆ ತಪ್ಪಿದರೆ ಎಲ್ಲವೂ ತಪ್ಪುತ್ತದೆ

ಕೀಬೋರ್ಡಿನ ಪದಸೂಚನೆ, ಫ್ಲ್ಯಾಶ್‌ಕಾರ್ಡ್, ಓದುವ ಪುಸ್ತಕ, ಕಾಗುಣಿತ ಪರೀಕ್ಷಕ ಎಲ್ಲಕ್ಕೂ ಕಚ್ಚಾ ಸಾಮಗ್ರಿ ಪದಕೋಶವೇ. ಅದಕ್ಕೆ ಮೂರು ದಾರಿಗಳಿವೆ.

ಮೊದಲನೆಯದು ಸ್ಪ್ರೆಡ್‌ಶೀಟ್, ಲಿಬ್ರೆಆಫೀಸ್ ಕ್ಯಾಲ್ಕ್. ಇದನ್ನು ತಜ್ಞರು ಹೀಗಳೆಯುತ್ತಾರೆ, ನಾವು ಹೀಗಳೆಯುವುದಿಲ್ಲ. ಸಾವಿರ ಪದದೊಳಗಿನ ಕಲಿಕೆಯ ಪಟ್ಟಿಗೆ ಇದಕ್ಕಿಂತ ಸರಳವಾದದ್ದು ಬೇರೆ ಇಲ್ಲ. ಆದರೆ ಕೆಲವು ಕಟ್ಟುಪಾಡು ಬೇಕು. ಮೊದಲ ಕಾಲಮ್ ಎಂದೂ ಬದಲಾಗದ ಕ್ರಮಸಂಖ್ಯೆ. ಒಂದು ಸಾಲಿಗೆ ಒಂದೇ ಅರ್ಥ, ಅಂದರೆ ಎರಡು ಅರ್ಥವಿರುವ ಪದ ಎರಡು ಸಾಲಿನಲ್ಲಿ ಬರಲಿ. ವ್ಯಾಕರಣ ವರ್ಗ, ಅರ್ಥ, ಉದಾಹರಣೆ ವಾಕ್ಯ, ಅದರ ಅನುವಾದ, ಧ್ವನಿ ಫೈಲಿನ ಹೆಸರು, ಹೇಳಿದವರ ಗುರುತು, ಇವು ಒಂದೊಂದೂ ಬೇರೆ ಕಾಲಮ್. ಒಂದೇ ಖಾನೆಯಲ್ಲಿ ಅಲ್ಪವಿರಾಮ ಹಾಕಿ ನಾಲ್ಕು ಅರ್ಥ ತುರುಕಿದರೆ ಮುಂದೆ ಬಿಡಿಸುವವರು ಶಪಿಸುತ್ತಾರೆ. ಬಣ್ಣದಿಂದ ಅರ್ಥ ಸೂಚಿಸಬೇಡಿ, ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಮ್ ಬೇರ್ಪಡಿಸಿದ ಸರಳ ಪಠ್ಯ) ಆಗಿ ಉಳಿಸಿದ ಕೂಡಲೇ ಬಣ್ಣ ಹೋಗುತ್ತದೆ. ಆಟೊಕರೆಕ್ಟ್ ಆಫ್ ಮಾಡಿ. ಸಿಎಸ್‌ವಿ ಉಳಿಸುವಾಗ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಉಳಿಸುವ ರೂಪ) ಎಂದು ಆಯ್ಕೆ ಮಾಡಿದ್ದೀರಾ ನೋಡಿ, ಇಲ್ಲದಿದ್ದರೆ ವಿಶೇಷ ಅಕ್ಷರಗಳ ಜಾಗದಲ್ಲಿ ಪ್ರಶ್ನೆಚಿಹ್ನೆಗಳು ಬರುತ್ತವೆ.

ಎರಡನೆಯದು, ಭಾಷೆಗಳ ಅಧ್ಯಯನಕ್ಕೆ ದುಡಿಯುವ ಎಸ್‌ಐಎಲ್ ಸಂಸ್ಥೆಯ ಫೀಲ್ಡ್‌ವರ್ಕ್ಸ್ ಲ್ಯಾಂಗ್ವೇಜ್ ಎಕ್ಸ್‌ಪ್ಲೋರರ್. ಬಳಸುವವರ ಬಾಯಲ್ಲಿ ಫ್ಲೆಕ್ಸ್. ಪದಕೋಶ, ಕಥೆಗಳ ಪದಪದ ವಿಂಗಡಣೆ, ವ್ಯಾಕರಣ ಮೂರೂ ಒಂದೇ ಕಡೆ ಸೇರುತ್ತವೆ. ಕಥೆಯಲ್ಲಿ ಬಂದ ಪ್ರತ್ಯಯವೊಂದನ್ನು ಒಮ್ಮೆ ಬಿಡಿಸಿ ಗುರುತಿಸಿದರೆ ಮುಂದಿನ ಕಥೆಯಲ್ಲಿ ಅದೇ ಸೂಚಿಸುತ್ತದೆ. ಸಾವಿರ ಪದ ದಾಟುವ, ಕಥೆಗಳಿಂದ ಉದಾಹರಣೆ ಹೆಕ್ಕುವ ಯಾವ ಯೋಜನೆಗೂ ನಾವು ಇದನ್ನೇ ಹೇಳುತ್ತೇವೆ. ‘ಲಿಫ್ಟ್’ ಎಂಬ ಎಕ್ಸ್‌ಎಂಎಲ್ ರೂಪದಲ್ಲಿ ಪದಕೋಶ ಹೊರಗೆ ಬರುತ್ತದೆ. ಪ್ರತಿ ಸಾಲಿನ ಮೊದಲಿಗೆ ಗುರುತು ಇರುವ ಹಳೆಯ ಸರಳ ಪಠ್ಯರೂಪದಲ್ಲೂ ಬರುತ್ತದೆ. ವಿಂಡೋಸ್‌ನಲ್ಲಿ ಸುಸೂತ್ರ, ಲಿನಕ್ಸ್‌ನಲ್ಲಿ ನಡೆಯುತ್ತದೆ, ಮ್ಯಾಕ್‌ನವರಿಗೆ ನೇರ ದಾರಿ ಇಲ್ಲ.

ಫ್ಲೆಕ್ಸ್‌ನಲ್ಲಿ ಹೆಚ್ಚಿನವರು ಎಡವುವ ಜಾಗಗಳನ್ನು ಮೊದಲೇ ತಿಳಿದಿದ್ದರೆ ತಿಂಗಳುಗಟ್ಟಲೆ ಕೆಲಸ ಉಳಿಯುತ್ತದೆ. ಪದದ ಪುಟದಲ್ಲಿ ‘ಲೆಕ್ಸೀಮ್ ಫಾರ್ಮ್’, ‘ಸೈಟೇಷನ್ ಫಾರ್ಮ್’ ಎಂದು ಎರಡು ಖಾನೆ. ಮೊದಲನೆಯದರಲ್ಲಿ ಪ್ರತ್ಯಯ ಕಳಚಿದ ಮೂಲರೂಪ ಬರಬೇಕು, ಎರಡನೆಯದರಲ್ಲಿ ನಿಘಂಟಿನಲ್ಲಿ ಅಚ್ಚಾಗುವ ರೂಪ. ಎಲ್ಲರೂ ಮೊದಲ ಖಾನೆಯಲ್ಲೇ ಪೂರ್ತಿ ಪದ ಬರೆದುಬಿಡುತ್ತಾರೆ. ಆಮೇಲೆ ಕಥೆಯ ಪದಗಳನ್ನು ಬಿಡಿಸುವಾಗ ಯಾವುದೂ ಹೊಂದುವುದಿಲ್ಲ. ‘ಗ್ಲಾಸ್’ ಮತ್ತು ‘ಡೆಫಿನಿಷನ್’ ಕೂಡ ಹಾಗೆಯೇ. ಗ್ಲಾಸ್ ಒಂದೇ ಪದದ್ದಿರಲಿ, ಕಥೆಯ ಪ್ರತಿ ಪದದ ಕೆಳಗೆ ಬರುವುದು ಅದೇ. ವಿವರಣೆಯೆಲ್ಲ ಡೆಫಿನಿಷನ್‌ನಲ್ಲಿ. ಯೋಜನೆ ತೆರೆಯುವಾಗ ಕೇಳುವ ಭಾಷಾ ಸಂಕೇತವನ್ನು, ಭಾಷೆಗಳಿಗೆ ಮೂರಕ್ಷರದ ಸಂಕೇತ ಕೊಡುವ ಐಎಸ್‌ಒ 639-3 ಪಟ್ಟಿಯಿಂದಲೇ ಆರಿಸಿ. ಪಟ್ಟಿಯಲ್ಲಿ ಇಲ್ಲದ ಭಾಷೆಯಾದರೆ ಖಾಸಗಿ ಬಳಕೆಗೆಂದೇ ಬಿಟ್ಟಿರುವ ಸಂಕೇತಗಳಿವೆ, ಇನ್ನೊಂದು ಭಾಷೆಯ ಸಂಕೇತವನ್ನು ಎರವಲು ಪಡೆಯಬೇಡಿ.

ಇಬ್ಬರು ಮೂವರು ಸೇರಿ ಕೆಲಸ ಮಾಡುವಾಗ ಯೋಜನೆಯ ಫೈಲನ್ನು ಗೂಗಲ್ ಡ್ರೈವ್‌ನಂಥ ಹಂಚಿಕೆಯ ಫೋಲ್ಡರಿನಲ್ಲಿಟ್ಟು ಇಬ್ಬರೂ ತೆರೆಯುವುದು ಕೆಟ್ಟ ಉಪಾಯ. ಒಬ್ಬರ ತಿದ್ದುಪಡಿ ಇನ್ನೊಬ್ಬರದನ್ನು ನುಂಗುತ್ತದೆ, ಫೈಲೇ ಕೆಡಲೂಬಹುದು. ಫ್ಲೆಕ್ಸ್‌ನಲ್ಲೇ ಇರುವ ‘ಸೆಂಡ್/ರಿಸೀವ್’ ಬಳಸಿ, ಪೆನ್‌ಡ್ರೈವ್ ಮೂಲಕವೂ ಅದು ನಡೆಯುತ್ತದೆ. ಬ್ಯಾಕಪ್ ತೆಗೆಯುವ ಕಿಟಕಿಯಲ್ಲಿ ಚಿತ್ರ ಮತ್ತು ಧ್ವನಿ ಫೈಲ್‌ಗಳ ಮುಂದೆ ಟಿಕ್ ಇದೆಯೇ ಎಂದು ಪ್ರತಿಸಲ ನೋಡಿ. ಎಲಾನ್‌ನಿಂದ ಕಥೆಗಳನ್ನು ಇದಕ್ಕೆ ತರಬಹುದು, ಇಲ್ಲಿಂದ ಅಲ್ಲಿಗೂ ಒಯ್ಯಬಹುದು. ಆದರೆ ಒಂದೇ ಕಥೆಯನ್ನು ಒಂದೇ ಕಾಲದಲ್ಲಿ ಎರಡೂ ಕಡೆ ತಿದ್ದಿದರೆ ಅವು ತಾವಾಗಿ ಒಂದಾಗುವುದಿಲ್ಲ. ಕಾಲ, ಗಡಿ, ಬರಹ ಎಲ್ಲ ಎಲಾನ್‌ನಲ್ಲಿ ಮುಗಿಸಿ, ಆಮೇಲೆ ವಿಂಗಡಣೆಗೆ ಫ್ಲೆಕ್ಸ್‌ಗೆ ಬನ್ನಿ.

ಮೂರನೆಯದು ದಿ ಕಂಬೈನ್. ಇದೂ ಎಸ್‌ಐಎಲ್‌ನದೇ, ಬ್ರೌಸರ್‌ನಲ್ಲಿ ನಡೆಯುತ್ತದೆ. ಹತ್ತಾರು ಜನ ಕಲೆತು ವಿಷಯವಾರು ಪದ ಹೆಕ್ಕುವ ಶಿಬಿರಗಳಿಗೆ ಹೇಳಿಮಾಡಿಸಿದ್ದು. ಮೈಯ ಭಾಗ, ಮಳೆ, ಅಡುಗೆ, ನೆಂಟಸ್ತಿಕೆ ಹೀಗೆ ಸುಮಾರು 1,800 ಅರ್ಥಕ್ಷೇತ್ರಗಳ ಪಟ್ಟಿ ಮುಂದಿಟ್ಟು, ಒಂದೊಂದಕ್ಕೂ ನೆನಪಿಗೆ ಬಂದ ಪದಗಳನ್ನು ಬರೆಯಿಸುವ ಪದ್ಧತಿ. ಅಕ್ಷರಮಾಲೆ ಹಿಡಿದು ‘ಅ ಇಂದ ಏನೇನಿದೆ ಹೇಳಿ’ ಎಂದರೆ ಹಿರಿಯರು ಸುಮ್ಮನಾಗುತ್ತಾರೆ. ‘ಬಲೆ ಹೆಣೆಯುವಾಗ ಏನೇನು ಬೇಕು’ ಎಂದರೆ ಮಾತು ನಿಲ್ಲುವುದಿಲ್ಲ. ಅದೇ ಪದ ನಾಲ್ಕು ಗುಂಪಿನಿಂದ ನಾಲ್ಕು ಕಾಗುಣಿತದಲ್ಲಿ ಬರುತ್ತದೆ, ಅದನ್ನು ಒಂದಾಗಿಸುವ ಸಾಧನವೂ ಇದರಲ್ಲಿದೆ. ಹೆಕ್ಕಿದ್ದನ್ನು ಕೊನೆಗೆ ಲಿಫ್ಟ್ ರೂಪದಲ್ಲಿ ಫ್ಲೆಕ್ಸ್‌ಗೆ ಸಾಗಿಸಿ. ಕಂಬೈನ್‌ನಲ್ಲೇ ನಿಘಂಟು ಮುಗಿಸುತ್ತೇವೆ ಎಂದುಕೊಳ್ಳಬೇಡಿ, ಅದು ಸುಗ್ಗಿಯ ಕಣ, ಕಣಜವಲ್ಲ.

ಲೆಕ್ಸೊನಮಿ ಎಂಬ ಇನ್ನೊಂದು ಮುಕ್ತ ಸಾಧನವೂ ಬ್ರೌಸರ್‌ನದು. ರಚನೆಯನ್ನು ಬೇಕಾದಂತೆ ಕಟ್ಟಬಹುದು. ಇಂಟರ್ನೆಟ್ ಸದಾ ಇರುವ, ಎಕ್ಸ್‌ಎಂಎಲ್ ಬಲ್ಲ ಸಂಪಾದಕರಿಗೆ ಸರಿ.

ನಿಘಂಟನ್ನು ಜನರ ಮುಂದಿಡಲು

ಫ್ಲೆಕ್ಸ್‌ನಲ್ಲಿ ಪದಕೋಶವಿದ್ದರೆ ನಿಘಂಟುಗಳನ್ನು ವೆಬ್‌ನಲ್ಲಿಡುವ ವೆಬೊನರಿ ಹತ್ತಿರದ ದಾರಿ. ಫ್ಲೆಕ್ಸ್‌ನ ಮೆನುವಿನಿಂದಲೇ ಅಪ್‌ಲೋಡ್ ಮಾಡಬಹುದು. ಸ್ಪ್ರೆಡ್‌ಶೀಟ್‌ನಲ್ಲಿದ್ದರೆ ಮದರ್ ಟಂಗ್ಸ್ ಡಿಕ್ಷನರೀಸ್ ನೋಡಿ. ಕಲಿಯುವವರ ಕಣ್ಣಿನಿಂದ ನೋಡಿದರೆ ಇದರಲ್ಲೊಂದು ದೊಡ್ಡ ಗುಣವಿದೆ. ಕಾಗುಣಿತ ಸರಿಯಾಗಿ ಗೊತ್ತಿಲ್ಲದವರು ಕಿವಿಗೆ ಕೇಳಿದಂತೆ ಟೈಪ್ ಮಾಡಿದರೂ ಹತ್ತಿರದ ಪದಗಳನ್ನು ತೋರಿಸುತ್ತದೆ. ಯಾವ ಎರಡು ಅಕ್ಷರಗಳನ್ನು ಜನ ಅದಲುಬದಲು ಮಾಡುತ್ತಾರೆ ಎಂಬುದನ್ನು ಭಾಷೆಗೆ ತಕ್ಕಂತೆ ನಾವೇ ಹೇಳಿಕೊಡಬಹುದು. ಎರಡನೇ ಭಾಷೆಯಾಗಿ ಕಲಿಯುವವರೇ ಹೆಚ್ಚಿರುವಲ್ಲಿ, ನಿಖರ ಹುಡುಕಾಟ ಮಾತ್ರ ಇರುವ ನಿಘಂಟು ಅರ್ಧ ಬಾಗಿಲು ಮುಚ್ಚಿದಂತೆಯೇ. ಇದನ್ನು ಹೊಂದಿಸಲು ಮಾತ್ರ ಕಮಾಂಡ್‌ಲೈನ್‌ಗೆ, ಅಂದರೆ ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವುದಕ್ಕೆ, ಹೆದರದವರೊಬ್ಬರು ಬೇಕು.

ಕಲಿಸಲು

ಓದು ಕಲಿಸುವ ಪುಸ್ತಕಗಳಿಗೆ ಬ್ಲೂಮ್‌ಗೆ ಸರಿಸಾಟಿಯಾದ ಮುಕ್ತ ತಂತ್ರಾಂಶ ನಮಗೆ ಕಂಡಿಲ್ಲ. ಮೊದಲ ಹಂತದಲ್ಲಿ ಆರು ಅಕ್ಷರ, ಎರಡನೆಯದರಲ್ಲಿ ಇನ್ನು ನಾಲ್ಕು ಎಂದು ಹಂತಗಳನ್ನು ನೀವು ಹಾಕಿಕೊಟ್ಟು, ಭಾಷೆಯ ಪದಪಟ್ಟಿಯನ್ನು ಒಂದು ಪಠ್ಯಫೈಲ್ ಆಗಿ ಕೊಟ್ಟರೆ, ಆ ಹಂತದ ಅಕ್ಷರಗಳಿಂದಲೇ ಆದ ಪದಗಳನ್ನು ಅದು ಹುಡುಕಿ ಕೊಡುತ್ತದೆ. ಬರೆಯುವಾಗ ಇನ್ನೂ ಕಲಿಸದ ಅಕ್ಷರ ನುಸುಳಿದರೆ ಗುರುತು ಹಾಕಿ ತೋರಿಸುತ್ತದೆ. ಅದೇ ಪುಸ್ತಕ ಮಡಿಚಿ ಹೊಲಿಯುವ ಪಿಡಿಎಫ್ ಆಗಿಯೂ ಫೋನಿನಲ್ಲಿ ದನಿ ಸಮೇತ ಓದುವ ಪುಸ್ತಕವಾಗಿಯೂ ಹೊರಬರುತ್ತದೆ. ವಿಂಡೋಸ್ ಇದ್ದರೆ ಒಳ್ಳೆಯದು.

ಈಗಾಗಲೇ ಹಿರಿಯರೊಬ್ಬರ ಕಥೆಯ ದನಿ, ಬರಹ ಎರಡೂ ಇದ್ದರೆ ಬ್ಲೂಮ್‌ಗಿಂತ ರೀಡ್‌ಅಲಾಂಗ್ ಸ್ಟುಡಿಯೊ ಬೇಗ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯದು. ದನಿಯನ್ನೂ ಬರಹವನ್ನೂ ಕೊಟ್ಟರೆ, ಕೇಳುತ್ತಿದ್ದಂತೆ ಪದಪದವೂ ಬೆಳಗುವ ಒಂದು ಎಚ್‌ಟಿಎಂಎಲ್ ಫೈಲ್ ಮಾಡಿಕೊಡುತ್ತದೆ. ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಉಳಿಸಬಹುದು. ಭಾಷೆಗೆ ಪ್ರತ್ಯೇಕ ತರಬೇತಿ ಬೇಕಿಲ್ಲ, ಅಕ್ಷರಗಳನ್ನು ಸದ್ದುಗಳಿಗೆ ಅಂದಾಜಾಗಿ ಹೊಂದಿಸಿ ಕೆಲಸ ನಡೆಸುತ್ತದೆ. ತಾಳ ತಪ್ಪುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಬರಹದಲ್ಲಿ ಇಲ್ಲದ ಮಾತು ದನಿಯಲ್ಲಿದೆ, ಹಿನ್ನೆಲೆಯಲ್ಲಿ ಸಂಗೀತವಿದೆ, ಅಥವಾ ‘12’ ಎಂಬಂತೆ ಅಂಕಿಯಲ್ಲಿ ಬರೆದಿದ್ದಾರೆ. ಅಂಕಿಗಳನ್ನು ಅಕ್ಷರದಲ್ಲಿ ಬರೆಯಿರಿ, ಉದ್ದದ ಕಥೆಯನ್ನು ಐದು ನಿಮಿಷದೊಳಗಿನ ತುಣುಕುಗಳಾಗಿ ಮಾಡಿ.

ಪದ ನೆನಪಿಡಲು ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ತಂತ್ರಾಂಶ. ಕಂಪ್ಯೂಟರ್‌ನ ಆಂಕಿ, ಆಂಡ್ರಾಯ್ಡ್‌ನ ಆಂಕಿಡ್ರಾಯ್ಡ್ ಎರಡೂ ಉಚಿತ ಮತ್ತು ಮುಕ್ತ. ಐಫೋನ್‌ನದಕ್ಕೆ ದುಡ್ಡು ಕೊಡಬೇಕು, ಅದು ಮುಕ್ತವೂ ಅಲ್ಲ. ಸಿಎಸ್‌ವಿ ನೇರವಾಗಿ ಒಳಗೆ ಹೋಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಒಂದೇ ಕಾರ್ಡ್ ಎರಡು ಸಲ ಬಂದಿದೆಯೇ ಎಂದು ಆಂಕಿ ನೋಡುವುದು ಮೊದಲ ಕಾಲಮ್‌ನಿಂದ. ಅಲ್ಲಿ ಪದವನ್ನೇ ಇಟ್ಟರೆ, ಒಂದೇ ರೂಪದ ಎರಡು ಬೇರೆ ಪದಗಳಲ್ಲಿ ಒಂದು ಇನ್ನೊಂದರ ಮೇಲೆ ಬರೆದುಹೋಗುತ್ತದೆ. ಸ್ಪ್ರೆಡ್‌ಶೀಟ್‌ನ ಆ ಬದಲಾಗದ ಕ್ರಮಸಂಖ್ಯೆಯನ್ನೇ ಅಲ್ಲಿಡಿ. ಆಮೇಲೆ ತಿದ್ದಿದ ಪಟ್ಟಿಯನ್ನು ಮತ್ತೆ ಹಾಕಿದರೂ ಕಲಿತವರ ಪ್ರಗತಿ ಅಳಿಯದೆ ಅರ್ಥ ಮಾತ್ರ ತಿದ್ದಿಹೋಗುತ್ತದೆ. ಧ್ವನಿ ಫೈಲ್‌ಗಳೆಲ್ಲ ಆಂಕಿಯ ಒಂದೇ ಮೀಡಿಯಾ ಫೋಲ್ಡರಿನಲ್ಲಿರಬೇಕು, ಒಳಗೆ ಬೇರೆ ಫೋಲ್ಡರ್ ಮಾಡಿದರೆ ಕೇಳಿಸದು. ಕಾರ್ಡಿನ ಮುಂಬದಿಯಲ್ಲಿ ಬರಹದ ಬದಲು ದನಿ ಇಡಿ. ಇಲ್ಲದಿದ್ದರೆ ಮಕ್ಕಳು ಓದಲು ಕಲಿಯುತ್ತಾರೆ, ಕೇಳಿ ಅರಿಯಲು ಕಲಿಯುವುದಿಲ್ಲ. ದಿನಕ್ಕೆ 20 ಹೊಸ ಕಾರ್ಡ್ ಎಂಬುದು ಆಂಕಿಯ ಮೂಲ ಹೊಂದಿಕೆ. ಕೆಲವೇ ವಾರದಲ್ಲಿ ದಿನದ ಪುನರಾವರ್ತನೆ ನೂರು ದಾಟುತ್ತದೆ, ಅಲ್ಲಿಗೆ ಕಲಿಯುವವರು ಕೈಬಿಡುತ್ತಾರೆ. 5ಕ್ಕೆ ಇಳಿಸಿ.

ತರಗತಿಯಲ್ಲಿ ಪಾಠ, ಅಭ್ಯಾಸ ಎಲ್ಲ ಒಟ್ಟಿಗೆ ಬೇಕಾದರೆ, ಬ್ರೌಸರ್‌ನಲ್ಲಿ ಆಡುವ ಪ್ರಶ್ನೆ, ಆಟ ಕಟ್ಟುವ ಎಚ್‌5ಪಿ ಬಳಸಿ ಚಟುವಟಿಕೆ ಮಾಡಿ. ಅದನ್ನು ಎಲ್ಲಿ ಇಡಬೇಕು ಎಂಬುದನ್ನು ಇಂಟರ್ನೆಟ್ ನಿರ್ಧರಿಸುತ್ತದೆ. ಸಂಪರ್ಕ ಚೆನ್ನಾಗಿದ್ದು ಸರ್ವರ್ ನೋಡಿಕೊಳ್ಳುವವರಿದ್ದರೆ ಮೂಡಲ್ ಎಂಬ ಆನ್‌ಲೈನ್ ತರಗತಿ ತಂತ್ರಾಂಶ. ಮೂಡಲ್‌ನ 3.8ನೇ ಆವೃತ್ತಿಯಿಂದ ಎಚ್‌5ಪಿ ಅದರೊಳಗೇ ಇದೆ. ಸಂಪರ್ಕವಿಲ್ಲದ ಶಾಲೆಗೆ ಕೋಲಿಬ್ರಿ. ಅಂಗೈಯಗಲದ ರಾಸ್ಪ್ಬೆರಿ ಪೈ ಕಂಪ್ಯೂಟರಿನಲ್ಲಿ ಹಾಕಿದರೆ ಸುತ್ತಲಿನ ಫೋನು, ಟ್ಯಾಬ್‌ಗಳು ಅದರ ವೈಫೈ ಹಿಡಿದು ಬ್ರೌಸರ್‌ನಲ್ಲಿ ಪಾಠ ತೆರೆಯುತ್ತವೆ. ಹೆಸರಾಂತ ಭಾಷಾ ಆ್ಯಪ್‌ಗಳ ಮಾದರಿಯ ಲಿಬ್ರೆಲಿಂಗೊ ಹಲವರ ಕಣ್ಣು ಸೆಳೆಯುತ್ತದೆ. ಸದ್ಯಕ್ಕೆ ಅದು ಪ್ರೋಗ್ರಾಮರ್ ಇರುವ ತಂಡಕ್ಕೆ ಮಾತ್ರ.

ಯಾರು ನೋಡಬಹುದು?

ಎಲ್ಲರೂ ಕೇಳಬಾರದ ಹಾಡು, ಹೆಂಗಸರಷ್ಟೇ ಅಥವಾ ಒಂದು ಮನೆತನದವರಷ್ಟೇ ಹೇಳುವ ಕಥೆ, ತೀರಿಕೊಂಡವರ ದನಿ ಇಂಥವು ಸಂಗ್ರಹದಲ್ಲಿದ್ದರೆ ಮಾಮೂಲಿ ವೆಬ್‌ಸೈಟ್ ಸಾಲದು. ಆಸ್ಟ್ರೇಲಿಯಾದ ವರುಮುಂಗು ಸಮುದಾಯದ ಅಗತ್ಯದಿಂದ ಹುಟ್ಟಿದ ಮುಕುರ್ತು ಇದಕ್ಕೆಂದೇ ಇದೆ. ಪ್ರತಿ ವಸ್ತುವಿಗೂ ಯಾವ ಸಮುದಾಯದ ಯಾವ ಗುಂಪಿನವರು ನೋಡಬಹುದು ಎಂಬ ನಿಯಮ ಕಟ್ಟಬಹುದು. ಅದು ದ್ರುಪಲ್ ಎಂಬ ವೆಬ್‌ಸೈಟ್ ಕಟ್ಟುವ ತಂತ್ರಾಂಶದ ಮೇಲೆ ನಿಂತಿದೆ. ಮೂರನೇ ಆವೃತ್ತಿಗೆ ಆಧಾರವಾಗಿದ್ದ ದ್ರುಪಲ್ 7ಕ್ಕೆ 2025ರ ಜನವರಿ 5ರಂದು ಬೆಂಬಲ ಮುಗಿದಿದೆ, ಹೊಸಬರು ಅದಕ್ಕಿಂತ ಈಚಿನ ಆವೃತ್ತಿಯಿಂದಲೇ ಶುರುಮಾಡಬೇಕು. ಸರ್ವರ್ ನಿರ್ವಹಣೆಗೆ ವರ್ಷವರ್ಷವೂ ಯಾರಾದರೂ ಬೇಕು, ಆ ಖರ್ಚು ಲೆಕ್ಕ ಹಾಕದೆ ಇದಕ್ಕೆ ಇಳಿಯಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಫಸ್ಟ್‌ವಾಯ್ಸಸ್ ಕೂಡ ಮುಕ್ತ ಸಂಕೇತದ್ದೇ, ನಿಘಂಟು, ಹಾಡು, ಕಥೆ, ಆಟ ಎಲ್ಲ ಒಂದೇ ಸೂರಿನಡಿ. ಆದರೆ ಬೇರೆಯವರು ತಮ್ಮ ಸರ್ವರ್‌ನಲ್ಲಿ ನಿಲ್ಲಿಸಿಕೊಳ್ಳುವುದು ಸಣ್ಣ ತಂಡದ ಕೆಲಸವಲ್ಲ.

ದನಿ ಕೊಡುಗೆ ಕೇಳುವ ಯೋಜನೆಗಳಿಗೆ ಹೋಗುವ ಮುಂಚೆ ಲೈಸೆನ್ಸ್ ಓದಿ. ಲಿಂಗುವಾ ಲಿಬ್ರೆಯಲ್ಲಿ ಪದಗಳನ್ನು ಬಹಳ ಬೇಗ ರೆಕಾರ್ಡ್ ಮಾಡಬಹುದು, ಆದರೆ ಅವು ವಿಕಿಮೀಡಿಯಾ ಕಾಮನ್ಸ್ ಎಂಬ ಎಲ್ಲರಿಗೂ ತೆರೆದ ಸಂಗ್ರಹಕ್ಕೆ ಮುಕ್ತ ಲೈಸೆನ್ಸ್‌ನಲ್ಲಿ ಹೋಗುತ್ತವೆ. ಮೊಜಿಲ್ಲಾದ ಕಾಮನ್ ವಾಯ್ಸ್‌ನ ದನಿಗಳು ಸಿಸಿ0 ಅಡಿಯಲ್ಲಿ ಹೊರಬರುತ್ತ ಬಂದಿವೆ, ಅಂದರೆ ಯಾವ ಕಂಪನಿಯಾದರೂ ಯಾವ ಷರತ್ತೂ ಇಲ್ಲದೆ ಬಳಸಬಹುದು. ಒಮ್ಮೆ ಹೀಗೆ ಹೊರಬಂದದ್ದನ್ನು ವಾಪಸ್ ಪಡೆಯುವಂತಿಲ್ಲ. ನ್ಯೂಜಿಲೆಂಡ್‌ನ ಮಾವೊರಿ ಸಂಸ್ಥೆ ಟೆ ಹಿಕು ಮೀಡಿಯಾ ಇದನ್ನು ಒಪ್ಪದೆ, ದನಿಯ ಮೇಲಿನ ಹೊಣೆ ಸಮುದಾಯದ ಕೈಯಲ್ಲೇ ಉಳಿಯುವ ತನ್ನದೇ ಲೈಸೆನ್ಸ್ ಮಾಡಿಕೊಂಡಿತು. ಯಾವುದು ಸರಿ ಎಂದು ಹೊರಗಿನವರು ಹೇಳಲಾಗದು, ಮೈಕಿನ ಮುಂದೆ ಕೂರುವ ಮೊದಲೇ ಸಮುದಾಯ ತೀರ್ಮಾನಿಸಬೇಕು.

ಕಾಗುಣಿತ ಪರೀಕ್ಷಕ, ಮಾತು ಗುರುತಿಸುವುದು

ಪದದ ರೂಪಗಳು ಕಡಿಮೆ ಇರುವ ಭಾಷೆಗೆ ಹನ್‌ಸ್ಪೆಲ್ ಸಾಕು. ಒಂದು ಪದಪಟ್ಟಿ, ಒಂದು ಪ್ರತ್ಯಯ ನಿಯಮಗಳ ಫೈಲ್, ಅಷ್ಟೇ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡೂ ಅದನ್ನೇ ಬಳಸುತ್ತವೆ. ಒಂದೇ ಕ್ರಿಯಾಪದ ಸಾವಿರಾರು ರೂಪ ತಾಳುವ ಭಾಷೆಗಳಲ್ಲಿ ಅದು ಸೋಲುತ್ತದೆ, ಸರಿಯಾದ ಪದಗಳ ಕೆಳಗೆಲ್ಲ ಕೆಂಪು ಗೆರೆ ಎಳೆಯುತ್ತದೆ. ಅಂಥಲ್ಲಿ ನಾರ್ವೆಯ ಟ್ರೊಮ್ಸೊದಲ್ಲಿ ಸಾಮಿ ಭಾಷೆಗಳಿಗಾಗಿ ಬೆಳೆದ, ಪದದ ರೂಪಗಳನ್ನು ವ್ಯಾಕರಣ ನಿಯಮಗಳಿಂದ ಬಿಡಿಸುವ ಗಿಯೆಲ್ಲಾಎಲ್‌ಟಿ ಬೇಕು. ಕೆನಡಾದ ಬಯಲು ಕ್ರೀ ಭಾಷೆಯ ‘ಇತ್ವೇವಿನ’ ಆನ್‌ಲೈನ್ ನಿಘಂಟಿನಲ್ಲಿ ಯಾವ ರೂಪ ಟೈಪ್ ಮಾಡಿದರೂ ಮೂಲಪದ ಸಿಗುವುದು ಇಂಥ ವ್ಯಾಕರಣ ಯಂತ್ರದಿಂದಲೇ. ಭಾಷಾವಿಜ್ಞಾನವನ್ನೂ ಪ್ರೋಗ್ರಾಮಿಂಗನ್ನೂ ಬಲ್ಲವರು ವರ್ಷಗಟ್ಟಲೆ ಕೂರಬೇಕಾದ ಕೆಲಸ. ಮಾತನ್ನು ತಾನಾಗಿ ಬರಹಕ್ಕಿಳಿಸಲು ಎಲ್ಪಿಸ್ ಇದೆ, ಎಲಾನ್ ಫೈಲ್‌ಗಳಿಂದಲೇ ಕಲಿಯುತ್ತದೆ. ಹಲವು ಗಂಟೆಗಳ ಶುದ್ಧ ಬರಹ ಕೈಯಲ್ಲಿ ಇಲ್ಲದವರು ಅದರತ್ತ ನೋಡುವುದು ಬೇಡ.

ಒಟ್ಟು ಜೋಡಣೆ

ಇಬ್ಬರು, ಒಂದು ಲ್ಯಾಪ್‌ಟಾಪ್: ಕೀಮ್ಯಾನ್, ಕ್ಯಾಲ್ಕ್, ಅಡಾಸಿಟಿ, ಆಂಕಿ. ಇಷ್ಟರಲ್ಲೇ ಒಂದು ವರ್ಷದ ತರಗತಿ ನಡೆಯುತ್ತದೆ. ಹಿರಿಯರ ಕಥೆಗಳೂ ಸೇರುವುದಾದರೆ ಎಲಾನ್, ಲಮೇಟಾ ಮತ್ತು ಫ್ಲೆಕ್ಸ್. ಶಾಲೆಯಿದ್ದರೆ ಬ್ಲೂಮ್ ಮತ್ತು ಕೋಲಿಬ್ರಿ. ಮುಕುರ್ತು, ಗಿಯೆಲ್ಲಾಎಲ್‌ಟಿ ಎರಡಕ್ಕೂ ಮೊದಲು ಸಂಬಳದ ಕೆಲಸಗಾರರನ್ನು ಗೊತ್ತುಮಾಡಿಕೊಳ್ಳಿ. ಎಲ್ಲದರ ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಊರಿನಲ್ಲಿ.

ಯಾವುದನ್ನೇ ಆರಿಸಿ, ತೊಡಗುವ ಮುನ್ನ ಒಂದು ಮಧ್ಯಾಹ್ನದ ಪರೀಕ್ಷೆ ಮಾಡಿ. ಇಪ್ಪತ್ತು ಪದ, ಐದು ನಿಮಿಷದ ದನಿ ತೆಗೆದುಕೊಳ್ಳಿ. ಆ ಇಪ್ಪತ್ತರಲ್ಲಿ ಭಾಷೆಯ ಅತಿ ತೊಡಕಿನ ಅಕ್ಷರಗಳು, ಒಂದೇ ರೂಪದ ಎರಡು ಪದಗಳು, ಎರಡು ಅರ್ಥದ ಒಂದು ಪದ ಇರಲೇಬೇಕು. ತಂತ್ರಾಂಶಕ್ಕೆ ಹಾಕಿ, ಎಕ್ಸ್‌ಪೋರ್ಟ್ ಮಾಡಿ, ಆ ತಂತ್ರಾಂಶ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಸರಳ ಪಠ್ಯ ಎಡಿಟರ್‌ನಲ್ಲಿ ತೆರೆಯಿರಿ. ಇಪ್ಪತ್ತೂ ಪದ ಇವೆಯೇ, ಉದಾಹರಣೆ ವಾಕ್ಯ ತನ್ನ ಅರ್ಥದ ಜೊತೆಯಲ್ಲೇ ಇದೆಯೇ, ಧ್ವನಿ ಫೈಲಿನ ಹೆಸರು ಸರಿಯಾದ ಪದದ ಎದುರಿಗೆ ಇದೆಯೇ, ತೊಡಕಿನ ಅಕ್ಷರವನ್ನು ಕೀಬೋರ್ಡಿನಲ್ಲಿ ಹೊಸದಾಗಿ ಟೈಪ್ ಮಾಡಿ ಹುಡುಕಿದರೆ ಸಿಗುತ್ತದೆಯೇ ನೋಡಿ. ಇವುಗಳಲ್ಲಿ ಒಂದಕ್ಕೆ ‘ಇಲ್ಲ’ ಬಂದರೂ ಇಪ್ಪತ್ತೊಂದನೆಯ ಪದ ಸೇರಿಸುವ ಮೊದಲು ಅದನ್ನು ಬಗೆಹರಿಸಿಕೊಳ್ಳಿ.